ಕಿಟ್ ಮರಳಿ ಬರುವ ಊರು, ಬಾರದ ಊರು

ಆಸ್ಟ್ರೇಲಿಯಾದಲ್ಲಿ 50 ತುಂಬಿದವರ ಮನೆಗೆ, ಅವರು ಕೇಳದಿದ್ದರೂ, ಸರ್ಕಾರದಿಂದ ಒಂದು ಲಕೋಟೆ ಬರುತ್ತದೆ. ಬಿಚ್ಚಿದರೆ ಎರಡು ಪುಟ್ಟ ಪ್ಲಾಸ್ಟಿಕ್ ನಳಿಕೆಗಳು, ಕಮೋಡಿನ ನೀರಿನ ಮೇಲೆ ಹಾಸಲು ತೆಳು ಕಾಗದ, ಜಿಪ್ ಇರುವ ಚೀಲ, ಒಂದು ಅರ್ಜಿ, ಅಂಚೆವೆಚ್ಚ ಮೊದಲೇ ತೆತ್ತ ಮರುಲಕೋಟೆ. ನಳಿಕೆಯ ಮುಚ್ಚಳದಲ್ಲೇ ಇರುವ ಕಡ್ಡಿಯನ್ನು ಮಲದ ಮೇಲೆ ಗೀರಿ, ಮತ್ತೆ ನಳಿಕೆಗೆ ತೂರಿಸಿ ಮುಚ್ಚಬೇಕು. ಮುಂದಿನ ಸಲ ಹೋದಾಗ ಎರಡನೆಯ ನಳಿಕೆ. ಎರಡೂ ಮುಗಿದು ಅಂಚೆಗೆ ಹಾಕುವವರೆಗೆ ಅವನ್ನು ಫ್ರಿಜ್‌ನಲ್ಲಿ ಇಡಬೇಕು, ಹಾಲು ಮೊಸರಿನ ನೆರೆಯಲ್ಲೇ. ಇಲ್ಲಿಗೆ ಬಂದಾಗ ಹಲವರು ಮುಖ ಕಿವುಚಿ, ಲಕೋಟೆಯನ್ನು ಹಾಗೇ ಕಪಾಟಿಗೆ ತಳ್ಳಿಬಿಡುತ್ತಾರೆ.

ಈ ಪರೀಕ್ಷೆ ಹುಡುಕುವುದು ಕಣ್ಣಿಗೆ ಕಾಣದಷ್ಟು ರಕ್ತವನ್ನು. ದೊಡ್ಡಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಗಂಟುಗಳು ಹುಟ್ಟುತ್ತವೆ. ಹೆಚ್ಚಿನವು ನಿರುಪದ್ರವಿ, ಕೆಲವು ಮಾತ್ರ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಬೆಳೆಯುವಾಗ ಆಗಾಗ ಹನಿ ರಕ್ತ ಒಸರುತ್ತದೆ. ಆ ಹಂತದಲ್ಲಿ ನೋವಿಲ್ಲ, ಸುಸ್ತಿಲ್ಲ, ವೈದ್ಯರ ಬಳಿ ಹೋಗಲು ಕಾರಣವೇ ಇಲ್ಲ. ಬೇಗ ಕಂಡರೆ 10ರಲ್ಲಿ 9ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಫಲಿಸುತ್ತದೆ. ಆದರೂ ಆ ದೇಶದಲ್ಲಿ ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂತರದ ಸ್ಥಾನ ಕರುಳಿನ ಕ್ಯಾನ್ಸರಿನದೇ.

2006ರಲ್ಲಿ 55 ಮತ್ತು 65 ವರ್ಷದವರಿಗಷ್ಟೇ ಶುರುವಾದ ಈ ರಾಷ್ಟ್ರೀಯ ತಪಾಸಣೆ ಹಂತಹಂತವಾಗಿ ಹಿಗ್ಗಿತು. 2020ರ ಹೊತ್ತಿಗೆ 50ರಿಂದ 74ರವರೆಗಿನ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಕಿಟ್ ಹೋಗತೊಡಗಿತು. ಪುಕ್ಕಟೆ ಬರುವ ಕಿಟ್ ಅನ್ನು ಬಳಸಿ ಹಿಂದಿರುಗಿಸುವವರು ಮಾತ್ರ ಶೇ. 40ರ ಆಸುಪಾಸು. ಆ ಸರಾಸರಿಯನ್ನು ಊರೂರಿಗೆ ಬಿಡಿಸಿ ಭೂಪಟದ ಮೇಲೆ ಹರಡಿದರೆ ಬೇರೆಯದೇ ಚಿತ್ರ ಏಳುತ್ತದೆ.

ನಗರದವರು ಮುಂದೆ, ಹಳ್ಳಿಯವರು ಹಿಂದೆ ಎಂದು ಊಹಿಸುವುದು ಸುಲಭ. ಲೆಕ್ಕ ಹಾಗಿಲ್ಲ. ಮಹಾನಗರಗಳಿಗಿಂತ ಅವುಗಳ ಆಚೆಯ ಸಣ್ಣ ಪಟ್ಟಣಗಳ ಜನರೇ ಹೆಚ್ಚು ಕಿಟ್ ಮರಳಿಸುತ್ತಾರೆ. ರಾಜ್ಯಗಳ ಪೈಕಿ ಸೌತ್ ಆಸ್ಟ್ರೇಲಿಯಾ, ಟಾಸ್ಮೇನಿಯಾ ಮುಂದಿನ ಸಾಲಿನಲ್ಲಿವೆ. ಸಿಡ್ನಿಯ ಪಶ್ಚಿಮ ಮತ್ತು ನೈರುತ್ಯ ಬಡಾವಣೆಗಳು ದೇಶದ ಸರಾಸರಿಗಿಂತ ಕೆಳಗಿವೆ. ತೀರಾ ದೂರದ ಪ್ರದೇಶಗಳಿಗೆ ಹೋದರೆ ಪಾಲ್ಗೊಳ್ಳುವವರು ಕಾಲುಭಾಗದ ಹತ್ತಿರಕ್ಕೆ ಇಳಿಯುತ್ತಾರೆ. ಪಟ್ಟಿಯ ಕೊನೆಯಲ್ಲಿ ನಾರ್ದರ್ನ್ ಟೆರಿಟರಿ.

ಸಣ್ಣ ಪಟ್ಟಣಗಳ ಗುಟ್ಟು ಅರ್ಧದಷ್ಟು ವಯಸ್ಸಿನದು. 50ರ ಆರಂಭದಲ್ಲಿರುವವರಲ್ಲಿ ಕಿಟ್ ಮೂಲೆಗಿಡುವವರು ಹೆಚ್ಚು, 70 ದಾಟಿದವರಲ್ಲಿ ಕಳಿಸುವವರು ಹೆಚ್ಚು. ಪಟ್ಟಣಗಳಲ್ಲಿ ನೆಲೆ ನಿಂತ ಹಿರಿಯರು ಹೆಚ್ಚು. ವಿಳಾಸ ಬದಲಾಗಿರುವುದಿಲ್ಲ, ವೈದ್ಯರು ಬದಲಾಗಿರುವುದಿಲ್ಲ. ಒಮ್ಮೆ ಮಾಡಿದವರಲ್ಲಿ ಮುಕ್ಕಾಲು ಪಾಲಾದರೂ ಮುಂದಿನ ಸುತ್ತಿನಲ್ಲಿ ಮತ್ತೆ ಮಾಡುತ್ತಾರೆ ಎಂಬುದೂ ಸೇರಿ ಅಂತರ ಬೆಳೆಯುತ್ತಲೇ ಹೋಗುತ್ತದೆ. ಅಂದಹಾಗೆ, ನಗರದ ಉಳ್ಳವರಲ್ಲಿ ಕೆಲವರು ಖಾಸಗಿಯಾಗಿ ಪರೀಕ್ಷೆ ಮಾಡಿಸಿಕೊಂಡಿರುತ್ತಾರೆ. ಅದು ಸರ್ಕಾರಿ ಕಿಟ್‌ನ ಲೆಕ್ಕಕ್ಕೆ ಬಾರದು. ಹೀಗಾಗಿ ಕೆಳಗಿರುವ ಅಂಕಿಯೆಲ್ಲ ಉದಾಸೀನದ್ದೇ ಎಂದು ತೀರ್ಪು ಕೊಡುವಂತಿಲ್ಲ.

ನಾರ್ದರ್ನ್ ಟೆರಿಟರಿಯ ಕತೆಯಲ್ಲಿ ಮೊದಲು ಎದುರಾಗುವುದು ಬಿಸಿಲು. ನಳಿಕೆಯಲ್ಲಿ ಹುಡುಕುವ ವಸ್ತು ರಕ್ತದ ಹಿಮೋಗ್ಲೋಬಿನ್. ಅದರ ಪ್ರೋಟೀನ್ ಶಾಖಕ್ಕೆ ಒಡೆಯುತ್ತದೆ. ಇಟಲಿಯ ಫ್ಲಾರೆನ್ಸ್‌ನ ತಪಾಸಣೆಯ ಮಾಹಿತಿಯನ್ನು ಸಂಶೋಧಕರು ಜಾಲಾಡಿದಾಗ, ಚಳಿಗಾಲಕ್ಕೆ ಹೋಲಿಸಿದರೆ ಬೇಸಿಗೆಯಲ್ಲಿ ಪರೀಕ್ಷೆ ಪಾಸಿಟಿವ್ ಬರುವ ಸಂಭವ ಶೇ. 17ರಷ್ಟು ಕಡಿಮೆ ಎಂದು ಕಂಡಿತು. ಫ್ಲಾರೆನ್ಸ್‌ನಲ್ಲೇ ಹೀಗಾದರೆ, ಡಾರ್ವಿನ್ ಸುತ್ತಲಿನ ಕಾವಿನಲ್ಲಿ ಅಂಚೆಪೆಟ್ಟಿಗೆಯೊಳಗೆ ಬೇಯುವ ನಳಿಕೆಯ ಗತಿ ಏನು? ಕ್ಯಾನ್ಸರ್ ಇದ್ದೂ ‘ಏನೂ ಇಲ್ಲ’ ಎಂಬ ಉತ್ತರ ಬರಬಹುದು. ಅದಕ್ಕೇ ಸುಡುಬಿಸಿಲಿನ ಪಿನ್‌ಕೋಡ್‌ಗಳನ್ನು ಗುರುತಿಸಿ, ಅಲ್ಲಿಗೆ ಸೆಕೆ ಇಳಿದ ತಿಂಗಳುಗಳಲ್ಲಿ ಮಾತ್ರ ಕಿಟ್ ಕಳಿಸುವ ನಿಯಮವಿದೆ. ಉಳಿದವರಿಗೆ ವರ್ಷವಿಡೀ ತೆರೆದಿರುವ ಬಾಗಿಲು ಇವರಿಗೆ ಕೆಲವೇ ತಿಂಗಳು.

ಬಿಸಿಲಿಗೆ ಕ್ಯಾಲೆಂಡರ್ ತಿದ್ದಿದರಾಯಿತು. ಅಂಚೆಯ ತೊಡಕು ಅದಕ್ಕಿಂತ ಆಳ. ಮೂಲನಿವಾಸಿಗಳ ದೂರದ ಹಾಡಿಗಳಲ್ಲಿ ಮನೆಮನೆಗೆ ಅಂಚೆಯವರು ಬರುವುದಿಲ್ಲ. ಬಂದ ಕಾಗದಗಳೆಲ್ಲ ಊರ ಕಚೇರಿಯಲ್ಲೋ ಅಂಗಡಿಯಲ್ಲೋ ಒಟ್ಟಿಗೆ ಬೀಳುತ್ತವೆ. ಎಷ್ಟೋ ಕಡೆ ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ, ಎಲ್ಲರಿಗೂ ಒಂದೇ ಶೌಚಾಲಯ, ಒಂದೇ ಫ್ರಿಜ್. ನೆಂಟರ ಸಾವು, ವಿಧಿ, ಋತು ಎಂದು ಜನ ಊರಿಂದೂರಿಗೆ ಓಡಾಡುತ್ತಿರುತ್ತಾರೆ. ಸ್ಥಿರ ವಿಳಾಸ, ಸ್ವಂತ ಬಚ್ಚಲು, ಸಲೀಸಾದ ಇಂಗ್ಲಿಷ್ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ವ್ಯವಸ್ಥೆ ಇಲ್ಲಿ ಎಡವಿತು. ತಪ್ಪು ಮಾತ್ರ ಜನರ ತಲೆಗೆ ಬಂತು.

2018ರಲ್ಲಿ ಬೇರೆ ದಾರಿ ನೋಡಿದರು. ಮೂಲನಿವಾಸಿಗಳ ಆರೋಗ್ಯ ಕೇಂದ್ರಗಳಿಗೇ ಕಿಟ್ ಕೊಟ್ಟು, ಸಕ್ಕರೆ ಕಾಯಿಲೆಗೋ ಬಿಪಿಗೋ ಬಂದವರ ಕೈಗೆ ಪರಿಚಯದ ನರ್ಸ್ ಅದನ್ನು ಕೊಡುವಂತೆ ಮಾಡಿದರು. ಕಡ್ಡಿ ಹೇಗೆ ಗೀರಬೇಕೆಂದು ಆಕೆಯೇ ತೋರಿಸುತ್ತಾಳೆ, ಮುಂದಿನ ವಾರ ಸಿಕ್ಕಾಗ ವಿಚಾರಿಸುತ್ತಾಳೆ. ಅಂಚೆಯಲ್ಲಿ ಪಡೆದವರಿಗಿಂತ ಹೀಗೆ ಕೈಯಿಂದ ಕೈಗೆ ಪಡೆದವರು ಹೆಚ್ಚು ಪ್ರಮಾಣದಲ್ಲಿ ಮರಳಿಸಿದರು. ಆಮೇಲೆ ದೇಶದ ಇತರ ಕ್ಲಿನಿಕ್‌ಗಳಿಗೂ ಕಿಟ್ ತರಿಸಿಟ್ಟುಕೊಳ್ಳುವ ಅವಕಾಶ ಸಿಕ್ಕಿತು.

ಕಿಟ್‌ನ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ. ಇಂಗ್ಲೆಂಡಿನಲ್ಲಿ 2006ರಲ್ಲಿ ತಪಾಸಣೆ ಶುರುವಾದಾಗ ಇದ್ದದ್ದು ಹಳೆಯ ಪರೀಕ್ಷೆ: ಮೂರು ಬೇರೆ ಬೇರೆ ಸಲದ ಮಲದಿಂದ, ಸಲಕ್ಕೆ ಎರಡರಂತೆ ರಟ್ಟಿನ ಕಾರ್ಡಿಗೆ ಹಚ್ಚಬೇಕು. ಮೊದಲ 26 ಲಕ್ಷ ಆಹ್ವಾನಗಳನ್ನು ಪರಿಶೀಲಿಸಿದಾಗ ಅತಿ ಬಡ ಪ್ರದೇಶಗಳಲ್ಲಿ ಶೇ. 35, ಅತಿ ಸ್ಥಿತಿವಂತ ಪ್ರದೇಶಗಳಲ್ಲಿ ಶೇ. 61 ಮಂದಿ ಸ್ಪಂದಿಸಿದ್ದರು. ಲಂಡನ್ ಬೇರೆಲ್ಲ ಭಾಗಗಳಿಗಿಂತ ಹಿಂದಿತ್ತು. ಒಂದೇ ಮಾದರಿ ಸಾಕಾಗುವ ಹೊಸ ಪರೀಕ್ಷೆಯನ್ನು ಪ್ರಯೋಗಕ್ಕೆ ಇಟ್ಟಾಗ ಪಾಲ್ಗೊಳ್ಳುವಿಕೆ ಶೇ. 59ರಿಂದ 66ಕ್ಕೆ ಏರಿತು. ಸ್ಕಾಟ್ಲೆಂಡ್ 2017ರ ನವೆಂಬರಿನಲ್ಲೇ ಅದನ್ನು ಎಲ್ಲರಿಗೂ ತಂದಿತು. ಅಲ್ಲಿ ಬಡ ಬಡಾವಣೆಗಳ ಏರಿಕೆಯೇ ಎದ್ದು ಕಂಡಿತು. ಜನರ ಅರಿವು ರಾತ್ರೋರಾತ್ರಿ ಬದಲಾಗಿರಲಿಲ್ಲ. ಹೇಸಿಗೆಯ ಕೆಲಸ ಮೂರು ಸಲದಿಂದ ಒಂದು ಸಲಕ್ಕೆ ಇಳಿದಿತ್ತು, ಅಷ್ಟೆ.

ಆಸ್ಟ್ರೇಲಿಯಾದ ನಗರಗಳಿಗೆ ಮರಳಿದರೆ, ಅಲ್ಲಿ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವವರು ಕಿಟ್ ಕಳಿಸುವುದು ಕಡಿಮೆ. ಐಟಿ ಕೆಲಸಕ್ಕೆಂದು ಸಿಡ್ನಿ, ಮೆಲ್ಬೋರ್ನ್‌ಗೆ ಹೋಗಿ ಅಲ್ಲೇ ನೆಲೆಸಿದ ಕನ್ನಡಿಗರಲ್ಲಿ ಹಲವರು ಈಗ ಈ ಲಕೋಟೆ ಬರುವ ವಯಸ್ಸಿನವರು. ಇವರಿಗೆ ಇಂಗ್ಲಿಷಿನ ತೊಡಕಿಲ್ಲ. ಆದರೆ ಮೈ ಚೆನ್ನಾಗಿರುವಾಗ ಮಲ ಪರೀಕ್ಷೆ ಮಾಡಿಸಿದ ಅಪ್ಪ ಅಮ್ಮನನ್ನು ಇವರು ಕಂಡವರಲ್ಲ. ಭಾರತದಲ್ಲಿ 30 ದಾಟಿದವರಿಗೆ ಸರ್ಕಾರ ನಡೆಸುವ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿಗೆ ಸೀಮಿತ. ಕರುಳು ಆ ಪಟ್ಟಿಯಲ್ಲಿಲ್ಲ.

ಕಿಟ್ ಪ್ರಯೋಗಾಲಯ ಮುಟ್ಟಿದ ಮೇಲೂ ಊರಿನ ದೂರ ಬೆನ್ನು ಬಿಡದು. ರಕ್ತ ಕಂಡರೆ ಕೊಲೊನೋಸ್ಕೋಪಿ ಆಗಬೇಕು. ಹಿಂದಿನ ದಿನ ಗಟ್ಟಿ ಆಹಾರ ಬಿಟ್ಟು, ಭೇದಿಯ ಔಷಧ ಕುಡಿದು, ಮತ್ತೆ ಮತ್ತೆ ಶೌಚಾಲಯಕ್ಕೆ ಓಡಬೇಕು. ಸಿಡ್ನಿಯವರಿಗೆ ಅದು ಮನೆಯೊಳಗಿನ ಪಡಿಪಾಟಲು. ನಾರ್ದರ್ನ್ ಟೆರಿಟರಿಯ ಆಲಿಸ್ ಸ್ಪ್ರಿಂಗ್ಸ್‌ನ ಆಸ್ಪತ್ರೆಗೆ ನೂರಾರು ಕಿಲೋಮೀಟರ್ ದೂರದ ಹಾಡಿಯಿಂದ ಬರುವವರು ಒಂದು ದಿನ ಮೊದಲೇ ಬಂದು, ಪರವೂರಿನಲ್ಲಿ ತಂಗಿ, ಅಲ್ಲಿ ಔಷಧ ಕುಡಿಯಬೇಕು. ‘ಪಾಸಿಟಿವ್ ಬಂದರೆ ಯಾರು ಕರೆದೊಯ್ಯುತ್ತಾರೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಊರಿನಲ್ಲಿ ಕಿಟ್ ತೆರೆಯದೆ ಇಟ್ಟವರನ್ನು ದಡ್ಡರು ಎನ್ನುವುದು ಹೇಗೆ?

ಈ ಅಂಕಿಗಳ ಹಿಂದಿನ ಜೀವಗಳನ್ನೂ 2017ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿತು. ಪಾಲ್ಗೊಳ್ಳುವವರು ಶೇ. 40ರಲ್ಲೇ ನಿಂತರೆ 2015ರಿಂದ 2040ರವರೆಗೆ ತಪ್ಪುವ ಸಾವುಗಳು 59,000, ಶೇ. 60ಕ್ಕೆ ಏರಿದರೆ ಇನ್ನೂ 24,800 ಜೀವ ಉಳಿಯುತ್ತವೆ.

2024ರ ಜುಲೈಯಿಂದ ತಪಾಸಣೆಯ ವಯಸ್ಸು 45ಕ್ಕೆ ಇಳಿದಿದೆ. ಆದರೆ 45ರಿಂದ 49ರವರೆಗಿನವರಿಗೆ ಮೊದಲ ಕಿಟ್ ತಾನಾಗಿ ಬರುವುದಿಲ್ಲ. ಜಾಲತಾಣದಲ್ಲೋ ಫೋನಿನಲ್ಲೋ ಕೇಳಿ ತರಿಸಿಕೊಳ್ಳಬೇಕು, ಇಲ್ಲವೇ ವೈದ್ಯರಿಂದ ಪಡೆಯಬೇಕು. ಹೀಗೆ ಕೇಳುವವರು ಯಾವ ಬಡಾವಣೆಗಳಲ್ಲಿ ಹೆಚ್ಚು, ಯಾವ ಹಾಡಿಗಳಲ್ಲಿ ಕಡಿಮೆ ಎಂದು ಊಹಿಸಲು ಹೊಸ ಭೂಪಟಕ್ಕೆ ಕಾಯಬೇಕಿಲ್ಲ.