ಅಪ್ಪ ದೂರ ಹೋಗಿದ್ದಾರೆ ಎನ್ನಬೇಡಿ

ಸಾವಾದ ಮನೆಯಲ್ಲಿ ನಾವು ಮೊದಲು ಮಾಡುವ ಕೆಲಸ, ಚಿಕ್ಕ ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸುವುದು. "ಪಾಪ, ಅದಕ್ಕೇನು ಗೊತ್ತಾಗುತ್ತದೆ" ಎನ್ನುತ್ತೇವೆ. ಮಗು ಕೇಳಿದರೆ ಅಪ್ಪ ದೂರ ಹೋಗಿದ್ದಾರೆ, ಅಜ್ಜಿ ಮಲಗಿದ್ದಾರೆ ಎಂದು ಮಾತು ಮುಗಿಸುತ್ತೇವೆ.

ನಮ್ಮ ಕಾಸರಗೋಡು ಕಡೆಯ ಎಷ್ಟೋ ಅಪ್ಪಂದಿರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಅವರ ಮಕ್ಕಳಿಗೆ 'ದೂರ ಹೋಗಿದ್ದಾರೆ' ಎಂದರೆ ರಜೆಗೆ ಪೆಟ್ಟಿಗೆ ತುಂಬ ಚಾಕೊಲೇಟು ಹೊತ್ತು ಬರುತ್ತಾರೆ ಎಂದೇ ಅರ್ಥ. ಅಂಥ ಮಗು ತಿಂಗಳುಗಟ್ಟಲೆ ಕಾಯುತ್ತದೆ. ಅಪ್ಪನಿಗೆ ತನ್ನ ಮೇಲೆ ಕೋಪವೇನೋ ಎಂದು ಕೊರಗುತ್ತದೆ. 'ಮಲಗಿದ್ದಾರೆ' ಎಂದು ಕೇಳಿದ ಮಗು ರಾತ್ರಿ ತಾನೇ ಮಲಗಲು ಹೆದರೀತು. "ದೇವರಿಗೆ ಬೇಕಾಗಿತ್ತು, ಕರೆದುಕೊಂಡರು" ಎಂದರೆ, ಅಪ್ಪನನ್ನು ಕಿತ್ತುಕೊಂಡ ದೇವರಿಗೆ ನಾನೇಕೆ ಪ್ರಾರ್ಥಿಸಲಿ ಎಂದೂ ಕೇಳೀತು.

ಸತ್ತರು ಎಂಬ ಮಾತನ್ನೇ ಬಳಸೋಣ. "ಅಪ್ಪನ ಹೃದಯ ನಿಂತುಹೋಯಿತು. ಇನ್ನು ಉಸಿರಿಲ್ಲ, ನೋವಿಲ್ಲ, ಮನೆಗೆ ಬರುವುದಿಲ್ಲ." ಐದು ವರ್ಷದೊಳಗಿನ ಮಗುವಿಗೆ ಇದು ಒಂದೇ ಸಲಕ್ಕೆ ತಿಳಿಯದು. ನಾಳೆ ಮತ್ತೆ ಕೇಳುತ್ತದೆ. ಬೇಸರಿಸದೆ ಅದೇ ಉತ್ತರ ಕೊಡಬೇಕು. ದೇವರ ಬಳಿ ಇದ್ದಾರೆಂಬ ನಮ್ಮ ವಿಶ್ವಾಸವನ್ನು ಇದರ ಜೊತೆಗೆ ಹೇಳೋಣ, ಇದರ ಬದಲಿಗೆ ಅಲ್ಲ. ತಾನು ಹಟ ಮಾಡಿದ್ದಕ್ಕೇ ಸತ್ತರು ಎಂಬ ಭಯವೂ ಮಕ್ಕಳಿಗಿರುತ್ತದೆ. ಕೇಳದಿದ್ದರೂ "ಇದು ನಿನ್ನಿಂದ ಆದದ್ದಲ್ಲ" ಎಂದು ಹೇಳಿಬಿಡಿ.

ಅಂತ್ಯಕ್ರಿಯೆಗೆ ಬರುತ್ತೇನೆ ಎಂದರೆ ಕರೆದೊಯ್ಯಿರಿ. ಶವಪೆಟ್ಟಿಗೆ ಇರುತ್ತದೆ, ದೊಡ್ಡವರು ಅಳುತ್ತಾರೆ ಎಂದು ಮೊದಲೇ ತಿಳಿಸಿ. ಕೈ ಹಿಡಿದುಕೊಳ್ಳಲು ಚಿಕ್ಕಮ್ಮನೋ ಮಾವನೋ ಜೊತೆಗಿರಲಿ. ಶವಕ್ಕೆ ಮುತ್ತಿಡು ಎಂಬ ಬಲವಂತ ಮಾತ್ರ ಬೇಡವೇ ಬೇಡ.

ಅತ್ತ ಮಗು ಹತ್ತು ನಿಮಿಷಕ್ಕೆ ಅಂಗಳದಲ್ಲಿ ಚೆಂಡಾಡಿದರೆ ದುಃಖವಿಲ್ಲ ಎಂದುಕೊಳ್ಳಬೇಡಿ. ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಕೆಲವರು ಹಾಸಿಗೆ ಒದ್ದೆ ಮಾಡುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ. ಆದರೆ ವಾರಗಟ್ಟಲೆ ಊಟ, ನಿದ್ದೆ, ಶಾಲೆ ತಪ್ಪಿದರೆ, "ನಾನೂ ಅಪ್ಪನ ಹತ್ತಿರ ಹೋಗುತ್ತೇನೆ" ಎನ್ನತೊಡಗಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

"ಗಂಡು ಹುಡುಗ ಅಳುತ್ತಾನೆಯೇ? ಇನ್ನು ಮನೆಗೆ ನೀನೇ ಯಜಮಾನ" ಎಂದು ಎಂಟು ವರ್ಷದವನ ಹೆಗಲಿಗೆ ಭಾರ ಹೇರುವ ಬಂಧುಗಳೂ ನಮ್ಮಲ್ಲಿದ್ದಾರೆ. ಲಾಜರನನ್ನು ಎಬ್ಬಿಸಲೆಂದೇ ಬಂದಿದ್ದ ಯೇಸುಸ್ವಾಮಿಯೂ ಆ ಗೆಳೆಯನಿಗಾಗಿ ಎಲ್ಲರೆದುರು ಅತ್ತರು. ಹುಡುಗನೂ ಅಳಲಿ, ತಾಯಿಯೂ ಅವನೆದುರು ಅಳಲಿ.

ನವೆಂಬರ್ 2, ಮೃತರ ಸ್ಮರಣೆಯ ದಿನ, ಸಮಾಧಿಯ ಬಳಿ ಮಗುವಿನ ಕೈಗೂ ಒಂದು ಮೇಣದಬತ್ತಿ ಕೊಡಿ. ಅಪ್ಪನಿಗೆ ಯಾವ ಹೂವು ಇಷ್ಟ ಎಂದು ಅದನ್ನೇ ಕೇಳಿ.