ಮರ ಕಡೆಯುವವರ ಕೂಟ

ಹತ್ತು ಇಂಚು ಅಗಲದ ಮರದ ಬಟ್ಟಲೊಂದನ್ನು ಲೇತ್‌ಗೆ ಕಟ್ಟಿ ನಿಮಿಷಕ್ಕೆ 900 ಸುತ್ತು ತಿರುಗಿಸಿದರೆ ಅದರ ಅಂಚು ಗಂಟೆಗೆ ಸುಮಾರು 43 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆ ಅಂಚಿಗೆ ಒಂದು ನಿಮಿಷ ಹಿಡಿದ ಉಳಿಯ ಬಾಯಿ 700 ಮೀಟರಿಗೂ ಹೆಚ್ಚು ಮರವನ್ನು ಸವರಿರುತ್ತದೆ. ಹತ್ತು ನಿಮಿಷಕ್ಕೆ ಏಳು ಕಿಲೋಮೀಟರ್. ಉಳಿ ಯಾಕೆ ಇಷ್ಟು ಬೇಗ ಮೊಂಡಾಗುತ್ತದೆ, ಸಡಿಲವಾಗಿ ಕಟ್ಟಿದ ತುಂಡು ಯಾಕೆ ಪ್ರಾಣಕ್ಕೇ ಎರವಾಗಬಲ್ಲದು ಎಂಬುದೆಲ್ಲ ಈ ಲೆಕ್ಕದಲ್ಲೇ ಇದೆ. ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಬಟ್ಟಲು ಕಡೆಯಲು ಬರುವುದಿಲ್ಲ. ಉಳಿ ಸರಿಯಾಗಿ ಕೊಯ್ಯುವಾಗ ಸುಯ್ಯೆಂಬ ತೆಳು ಸದ್ದು ಬರುತ್ತದೆ, ಹಿಡಿಯಲ್ಲಿ ನಡುಕವೇ ಇರುವುದಿಲ್ಲ. ಕೆರೆಯತೊಡಗಿದರೆ ಸದ್ದು ಒರಟಾಗಿ, ಕೈಗೆ ಜುಮ್ಮೆನ್ನುವ ಅದುರು ಹತ್ತುತ್ತದೆ. ವಿಡಿಯೋ ನೋಡಿ ಆಕಾರ ಕಲಿಯಬಹುದು. ಈ ಸದ್ದನ್ನೂ ಈ ಅದುರನ್ನೂ ಕಲಿಯಲು ಗೊತ್ತಿದ್ದವರ ಪಕ್ಕದಲ್ಲಿ ನಿಲ್ಲಲೇಬೇಕು. ಮರ ಕಡೆಯುವವರ ಕೂಟಗಳು ಹುಟ್ಟಿದ್ದೇ ಇದಕ್ಕೆ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಸಣ್ಣ ಸಣ್ಣ ಊರುಗಳಲ್ಲೂ ಇಂಥ ಕೂಟಗಳಿವೆ. ಅಮೆರಿಕದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅಲ್ಲಿ ಬಹುಕಾಲ ಈ ಕೆಲಸ ಕಾರ್ಖಾನೆಯಲ್ಲಿ ಮೇಜಿನ ಕಾಲು, ಮೆಟ್ಟಿಲ ಕಂಬ ಕಡೆಯುವವರದ್ದು, ಇಲ್ಲವೇ ಮನೆಯ ಶೆಡ್ಡಿನಲ್ಲಿ ಒಬ್ಬೊಬ್ಬರೇ ಪಾಡುಪಡುವವರದ್ದು. 1970ರ ದಶಕದಲ್ಲಿ ಆಲ್ಬರ್ಟ್ ಲೆಕಾಫ್ ಮತ್ತು ಜೊತೆಗಾರರು ಫಿಲಡೆಲ್ಫಿಯಾದಲ್ಲಿ ಹೀಗೆ ಚದುರಿಹೋದವರನ್ನು ಕೂಡಿಸಿ ಶಿಬಿರಗಳನ್ನು ನಡೆಸತೊಡಗಿದರು. 1985ರಲ್ಲಿ ಟೆನೆಸ್ಸಿ ರಾಜ್ಯದ ಗ್ಯಾಟ್ಲಿನ್‌ಬರ್ಗ್‌ನ ಆರೋಮಾಂಟ್ ಕರಕುಶಲ ಶಾಲೆಯಲ್ಲಿ ದೊಡ್ಡ ಸಮ್ಮೇಳನವಾಯಿತು. ಅದರ ಬೆನ್ನಿಗೇ 1986ರಲ್ಲಿ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಹುಟ್ಟಿತು. ಇಂದು ಅದರಡಿ 350ಕ್ಕೂ ಹೆಚ್ಚು ಸ್ಥಳೀಯ ಕೂಟಗಳಿವೆ. ಮೊದಲ ಅಧ್ಯಕ್ಷರಾದ ಡೇವಿಡ್ ಎಲ್ಸ್‌ವರ್ತ್, ಹೂಜಿಯಂಥ ಪಾತ್ರೆಯ ಕಿರುಬಾಯಿಯೊಳಗೆ ಬಾಗಿದ ಉಳಿ ತೂರಿಸಿ ಒಳಗನ್ನೆಲ್ಲ ಕಣ್ಣಿಗೆ ಕಾಣದಂತೆಯೇ ತೋಡುವ ಕೆಲಸಕ್ಕೆ ಹೆಸರಾದವರು. ಉಳಿಯ ಬಾಯಿಯ ಎರಡೂ ಪಕ್ಕಗಳನ್ನು ಹಿಂದಕ್ಕೆ ಇಳಿಸಿ ಸಾಣೆ ಹಿಡಿಯುವ ಅವರ ಕ್ರಮ ಇವತ್ತು ಅವರ ಹೆಸರಿನಲ್ಲೇ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಗುಟ್ಟಾಗಿ ಇಟ್ಟುಕೊಳ್ಳಬಹುದಾಗಿದ್ದ ವಿದ್ಯೆಯನ್ನು ಅವರು ಕೇಳಿದವರಿಗೆಲ್ಲ ಕಲಿಸಿದರು. ಆ ಧಾರಾಳತನವೇ ಈ ಕೂಟಗಳ ನಡವಳಿಕೆಯೂ ಆಯಿತು.

ಕೂಟ ಸೇರುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ವಾರದ ನಡುವಿನ ಒಂದು ಸಂಜೆ ಇಲ್ಲವೇ ಶನಿವಾರ ಬೆಳಗ್ಗೆ. ಶಾಲೆಯ ವರ್ಕ್‌ಶಾಪ್, ಚರ್ಚಿನ ಸಭಾಂಗಣ, ಸದಸ್ಯರೊಬ್ಬರ ಗ್ಯಾರೇಜ್, ಯಾವುದಾದರೂ ಸರಿ. ಖರ್ಚುವೆಚ್ಚ, ಮುಂದಿನ ಕಾರ್ಯಕ್ರಮದ ಮಾತು ಹತ್ತು ನಿಮಿಷದಲ್ಲಿ ಮುಗಿಯಬೇಕು. ಅದನ್ನು ಮುಕ್ಕಾಲು ಗಂಟೆಗೆ ಎಳೆಯುವ ಕೂಟ ಹೆಚ್ಚು ದಿನ ಬಾಳುವುದಿಲ್ಲ.

ನನ್ನ ಪ್ರಕಾರ ಕೂಟದ ಜೀವಾಳ ಒಂದು ಉದ್ದನೆಯ ಮೇಜು. ಬಂದವರು ಈ ತಿಂಗಳು ತಾವು ಮಾಡಿದ್ದನ್ನು ಅದರ ಮೇಲಿಡುತ್ತಾರೆ. ಮೂವತ್ತು ವರ್ಷ ಕೈ ಪಳಗಿದವರ ಹೂದಾನಿಯ ಪಕ್ಕದಲ್ಲೇ ನಿನ್ನೆ ಮೊನ್ನೆ ಸೇರಿದವರ ಸೊಟ್ಟ ಬಟ್ಟಲು ಕೂರುತ್ತದೆ. ಪ್ರತಿಯೊಬ್ಬರೂ ಎದ್ದು ಯಾವ ಮರ, ಏನು ಪಾಲಿಶ್, ಎಲ್ಲಿ ತೊಡಕಾಯಿತು ಎಂದು ಹೇಳುತ್ತಾರೆ. ಆಮೇಲೆ ವಸ್ತು ಕೈಯಿಂದ ಕೈಗೆ ಹೋಗುತ್ತದೆ. ಅನುಭವಿಗಳು ಮೊದಲು ಅದನ್ನು ಬೋರಲು ಹಾಕಿ ಪಾದ ನೋಡುತ್ತಾರೆ, ಬಳಿಕ ಹೆಬ್ಬೆರಳು ಒಳಗೆ, ಬೆರಳುಗಳು ಹೊರಗೆ ಇಟ್ಟು ಅಂಚಿನಿಂದ ತಳದವರೆಗೆ ಜಾರಿಸುತ್ತಾರೆ. ಗೋಡೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ‘ಇಲ್ಲಿ ನಾರು ಕಿತ್ತಿದೆ, ನೋಡಿ. ಇಲ್ಲಿ ಉಳಿ ಎದುರು ದಿಕ್ಕಿನಲ್ಲಿ ಹೋಗಿದೆ’ ಎಂಬ ಒಂದು ಮಾತು ತಿಂಗಳುಗಟ್ಟಲೆಯ ಒಂಟಿ ತಿಣುಕಾಟವನ್ನು ತಪ್ಪಿಸುತ್ತದೆ. ಒಳ್ಳೆಯ ಕೂಟಗಳು ಇದಕ್ಕೊಂದು ಕಟ್ಟುಪಾಡನ್ನೂ ಇಟ್ಟುಕೊಂಡಿರುತ್ತವೆ: ಮಾಡಿದವರು ಕೇಳಿಕೊಂಡರೆ ಮಾತ್ರ ದೋಷ ಹೇಳುವುದು, ಹೇಳಿದವರು ಅದನ್ನು ತಿದ್ದುವ ದಾರಿಯನ್ನೂ ತೋರಿಸುವುದು. ಹೊಸಬರು ಎರಡನೇ ಸಲ ಬರುತ್ತಾರೋ ಇಲ್ಲವೋ ಎಂಬುದು ಈ ಮೇಜಿನ ಬಳಿಯೇ ತೀರ್ಮಾನವಾಗುತ್ತದೆ.

ಮೇಜಿನ ಸುತ್ತಿನ ಮಾತು ಮುಗಿದ ಮೇಲೆ ಪ್ರಾತ್ಯಕ್ಷಿಕೆ. ಒಬ್ಬರು ಲೇತ್ ಮುಂದೆ ನಿಂತು ಗಂಟೆ, ಒಂದೂವರೆ ಗಂಟೆ ಕೆಲಸ ಮಾಡಿ ತೋರಿಸುತ್ತಾರೆ. ನೋಡುವವರಿಗೂ ಲೇತ್‌ಗೂ ನಡುವೆ ಪಾಲಿಕಾರ್ಬನೇಟ್ ತಡೆಹಾಳೆ ಇರುತ್ತದೆ. ಉಳಿಯ ತುದಿ ಹಿಂದಿನ ಸಾಲಿನವರಿಗೂ ಕಾಣಲೆಂದು ಮೇಲಿನಿಂದೊಂದು, ಪಕ್ಕದಿಂದೊಂದು ಕ್ಯಾಮೆರಾ ಇಟ್ಟು ಪರದೆಗೆ ಹಾಯಿಸುತ್ತಾರೆ. ಹಣವಿದ್ದ ಕೂಟಗಳು ಹೊರಗಿನಿಂದ ಹೆಸರಾಂತ ಕುಶಲಕರ್ಮಿಯನ್ನು ಕರೆಸಿ, ಮರುದಿನ ಐದಾರು ಜನರಿಗೆ ಕೈಹಿಡಿದು ಕಲಿಸುವ ತರಗತಿ ಇಟ್ಟುಕೊಳ್ಳುತ್ತವೆ.

ಆರಂಭದವರಿಗೆ ಅಲ್ಲಿ ಸಿಗುವ ಪಾಠದ ತಿರುಳು ಚಿಕ್ಕದು. ಮೊದಲು ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿಯ ಮೇಲೆ ಊರು. ಆಮೇಲೆ ಉಳಿಯ ಇಳಿಜಾರು ಮೈಯನ್ನು ತಿರುಗುವ ಮರಕ್ಕೆ ಸವರಿದಂತೆ ತಾಗಿಸು, ಇನ್ನೂ ಕೊಯ್ಯಬಾರದು. ಕೊನೆಗೆ ಹಿಡಿಯನ್ನು ನಿಧಾನ ಎತ್ತು, ಬಾಯಿ ತಾನಾಗಿ ಮರಕ್ಕಿಳಿಯುತ್ತದೆ. ಪಟ್ಟಿಗೆ ಊರುವ ಮೊದಲೇ ಮರಕ್ಕೆ ತಾಗಿಸಿದರೆ ಮರ ಉಳಿಯನ್ನು ಕಚ್ಚಿ ಕೆಳಕ್ಕೆ ಬಡಿಯುತ್ತದೆ. ಉಳಿ ಸಾಗುವ ದಿಕ್ಕೂ ಮುಖ್ಯ. ಬಟ್ಟಲಿನ ಹೊರಮೈಯನ್ನು ಪಾದದಿಂದ ಅಂಚಿನ ಕಡೆಗೂ ಒಳಮೈಯನ್ನು ಅಂಚಿನಿಂದ ತಳದ ಕಡೆಗೂ ಕೊಯ್ಯಬೇಕು. ಆಗ ಪ್ರತಿ ನಾರಿಗೂ ಬೆನ್ನ ಹಿಂದೆ ಇನ್ನೊಂದು ನಾರಿನ ಆಸರೆ ಇರುತ್ತದೆ. ಲಟ್ಟಣಿಗೆ, ಕಂಬಗಳಂಥ ಉದ್ದನೆಯ ಕೆಲಸದಲ್ಲಿ ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ ಇಳಿಯಬೇಕು. ಇಷ್ಟನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಕೈಗೆ ಬರುವುದಕ್ಕೆ ಮಾತ್ರ, ಪಕ್ಕದಲ್ಲಿ ನಿಂತವರು ಮೊಣಕೈ ಹಿಡಿದು ‘ಇಷ್ಟೇ, ಇನ್ನು ಎತ್ತಬೇಡಿ’ ಎನ್ನುತ್ತಿರಬೇಕು.

ಸಾಣೆಯ ವಿಷಯಕ್ಕೆ ಬಂದರೆ, ವರ್ಷಕ್ಕೆ ಒಂದೆರಡು ಸಲವಾದರೂ ಸಾಣೆಗೆಂದೇ ಮೀಸಲಾದ ದಿನ ಇಡದ ಕೂಟ ತನ್ನ ಹೊಸಬರಿಗೆ ಅನ್ಯಾಯ ಮಾಡುತ್ತಿದೆ ಎಂದೇ ನಾನು ಹೇಳುತ್ತೇನೆ. ಏಳು ಕಿಲೋಮೀಟರ್ ಮರ ಸವರುವ ಬಾಯಿಗೆ ಒಂದೇ ಬಟ್ಟಲು ಮುಗಿಯುವುದರೊಳಗೆ ಹಲವು ಸಲ ಸಾಣೆ ಬೇಕಾಗುತ್ತದೆ. ಮೊಂಡು ಉಳಿ ಹಿಡಿದವರು ತಿಳಿಯದೆ ಬಲ ಹಾಕುತ್ತಾರೆ. ಬಲ ಹಾಕಿದಾಗ ನಾರು ಕೀಳುತ್ತದೆ, ಉಳಿ ಕಚ್ಚುತ್ತದೆ. ‘ನನಗೆ ಕೈ ಕೂಡಿಬರುತ್ತಿಲ್ಲ’ ಎಂದು ಬೇಸರಪಟ್ಟು ಬಿಡುವವರಲ್ಲಿ ಅನೇಕರಿಗೆ ಕೈಯಲ್ಲಿ ಕೊರತೆ ಇರುವುದಿಲ್ಲ, ಉಳಿಯಲ್ಲಿ ಇರುತ್ತದೆ. ಸಾಣೆ ದಿನ ಎಲ್ಲರೂ ತಮ್ಮ ಉಳಿಗಳನ್ನು ತರುತ್ತಾರೆ. ಉಳಿಯನ್ನು ಪ್ರತಿ ಸಲವೂ ಒಂದೇ ಕೋನದಲ್ಲಿ ಹಿಡಿದಿಡುವ ಜಿಗ್ ಎಂಬ ಸಲಕರಣೆ ಬಳಸುವುದನ್ನು ಹೇಳಿಕೊಡಲಾಗುತ್ತದೆ. ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಸಾಣೆಚಕ್ರಕ್ಕೆ ಒಮ್ಮೆ ತಾಗಿಸಿದರೆ ಮಸಿ ಎಲ್ಲಿ ಅಳಿಸಿತು ಎಂಬುದರಿಂದ ಕೋನ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಇನ್ನು ಮರ. ಬಟ್ಟಲಿಗೆ ಬೇಕಾದ ದಪ್ಪದ ಒಣಮರ ಅಂಗಡಿಯಲ್ಲಿ ದುಬಾರಿ, ಸಿಗುವುದೂ ಕಷ್ಟ. ಅದಕ್ಕೇ ಕೂಟಗಳು ಗಾಳಿಮಳೆಗೆ ಬಿದ್ದ ಮರ, ರಸ್ತೆಗೆಂದು ಕಡಿದ ಮರದ ಸುದ್ದಿ ತಿಳಿದೊಡನೆ ಅಪ್ಪಣೆ ಪಡೆದು, ಚೈನ್‌ಸಾ ಬಲ್ಲ ನಾಲ್ಕು ಜನ ಹೋಗಿ ಕೊಯ್ದು ತಂದು ಹಂಚಿಕೊಳ್ಳುತ್ತವೆ. ಒಬ್ಬರ ಶೆಡ್ಡಿಗೆ ಹೊರೆಯಾಗುವ ದಿಮ್ಮಿ ಇಪ್ಪತ್ತು ಜನರಿಗೆ ಆರು ತಿಂಗಳ ಕೆಲಸ.

ಹಸಿಮರದಲ್ಲಿ ಬಟ್ಟಲು ಮಾಡುವುದು ಎರಡು ಕಂತಿನ ಕೆಲಸ. ಮರದ ನಾರಿನ ಗೋಡೆಯೊಳಗಿನ ನೀರು ಶೇಕಡ 25ರಿಂದ 30ಕ್ಕಿಂತ ಕೆಳಗಿಳಿಯತೊಡಗಿದಾಗ ಮರ ಕುಗ್ಗಲು ಶುರುವಾಗುತ್ತದೆ. ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲಾದರೆ, ವರ್ಷದ ಉಂಗುರಗಳ ಗುಂಟ ಹೆಚ್ಚುಕಡಿಮೆ ಎರಡು ಪಾಲು. ಹೀಗಾಗಿ ದುಂಡಗೆ ಕಡೆದ ಹಸಿ ಬಟ್ಟಲು ಒಣಗುತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದಕ್ಕೆ ಉಪಾಯ: ದಿಮ್ಮಿಯನ್ನು ನಡುವೆ ಸೀಳಿ, ಬಿರುಕಿಗೆ ತವರಾದ ನಟ್ಟನಡುವಿನ ತಿರುಳನ್ನು ತೆಗೆದುಹಾಕಿ, ಅಗಲದ ಹತ್ತನೇ ಒಂದರಷ್ಟು ದಪ್ಪ ಗೋಡೆ ಉಳಿಯುವಂತೆ ಒರಟಾಗಿ ಕಡೆಯುವುದು. ಹತ್ತು ಇಂಚಿನ ಬಟ್ಟಲಿಗೆ ಒಂದು ಇಂಚಿನ ಗೋಡೆ. ಅದಕ್ಕೆ ಮೇಣ ಬಳಿದು, ಇಲ್ಲವೇ ಅದರದೇ ಹೊಟ್ಟಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿ ನೆರಳಲ್ಲಿಡುತ್ತಾರೆ. ತಿಂಗಳಿಗೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮೈಮೇಲೇ ಬರೆದಿಡುತ್ತಾರೆ. ತೂಕ ಇಳಿಯುವುದು ನಿಂತಿತು ಎಂದರೆ ಒಣಗಿತು. ಆಗ ಮತ್ತೆ ಲೇತ್‌ಗೆ ಕಟ್ಟಿ ಸೊಟ್ಟವನ್ನೆಲ್ಲ ತೆಗೆದರೆ ಒಳಗಿನಿಂದ ದುಂಡು ಬಟ್ಟಲು ಬರುತ್ತದೆ. ದಿಮ್ಮಿ ಹಂಚಿಕೊಂಡ ಸದಸ್ಯರೆಲ್ಲ ಒಂದೇ ಮರದ ತೂಕದ ಲೆಕ್ಕ ತಂದು ಹೋಲಿಸಿದಾಗ ತಮ್ಮ ಊರಿನ ಹವೆಗೆ ಯಾವ ಮರ ಎಷ್ಟು ತಿಂಗಳು ಬೇಡುತ್ತದೆ ಎಂಬುದು ಯಾವ ಪುಸ್ತಕಕ್ಕಿಂತಲೂ ಖಚಿತವಾಗಿ ತಿಳಿಯುತ್ತದೆ.

ಸುರಕ್ಷತೆಯ ಮಾತನ್ನು ಪ್ರತಿ ಸಭೆಯಲ್ಲೂ ಹೇಳುತ್ತಾರೆ, ಹೇಳಲೇಬೇಕು. ಸುತ್ತಿನ ವೇಗಕ್ಕೊಂದು ಸುಲಭ ಲೆಕ್ಕವಿದೆ: 6000ದಿಂದ 9000ದ ನಡುವಿನ ಸಂಖ್ಯೆಯನ್ನು ತುಂಡಿನ ಅಗಲದ ಇಂಚುಗಳಿಂದ ಭಾಗಿಸುವುದು. ಹತ್ತು ಇಂಚಿಗೆ 600ರಿಂದ 900 ಸುತ್ತು. ಹಿಂದಿನವರು ಸಣ್ಣ ಕೆಲಸಕ್ಕೆಂದು 2500ಕ್ಕೆ ಇಟ್ಟು ಹೋದ ಲೇತ್‌ಗೆ ನೋಡದೆ ಈ ಬಟ್ಟಲನ್ನೇ ಕಟ್ಟಿದರೆ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರ್ ಮುಟ್ಟುತ್ತದೆ. ಆದ್ದರಿಂದ ಸ್ವಿಚ್ ಒತ್ತುವ ಮೊದಲು ವೇಗ ನೋಡಬೇಕು, ತುಂಡನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು, ತುಂಡು ಹಾರಿದರೆ ಬರುವ ಸಾಲಿನಿಂದ ಪಕ್ಕಕ್ಕೆ ನಿಲ್ಲಬೇಕು. ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಕವಚ ಬೇಕು. ಸಡಿಲ ತೋಳು, ದುಪಟ್ಟಾ, ಸೆರಗು, ಬಳೆ, ಕೈಗವಸು ಯಾವುದೂ ಕೂಡದು. ತಿರುಗುವ ಮರ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಂಬ ಕಡೆಯಲು ಬಳಸುವ ಅಗಲಬಾಯಿಯ ದೊಡ್ಡ ಉಳಿಯನ್ನು ಬಟ್ಟಲಿಗೆ ಹಿಡಿಯುವುದಂತೂ ನಿಷಿದ್ಧ, ಅದರ ಬುಡ ತೆಳ್ಳಗಿರುವುದರಿಂದ ಮುರಿಯಬಹುದು. ನೋಡಲು ಅದೇ ಗಟ್ಟಿ ಉಳಿಯಂತೆ ಕಾಣುವುದರಿಂದ ಹೊಸಬರು ಅದನ್ನೇ ಎತ್ತಿಕೊಳ್ಳುತ್ತಾರೆ.

ಮರದ ದೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ತೀರ್ಮಾನಿಸಿದೆ. ಬೀಟೆಯಂಥ ಮರಗಳ ದೂಳಿಗೆ ಕೆಲವರ ಚರ್ಮ ಕೆರಳುತ್ತದೆ. ಒಳ್ಳೆಯ ಮಾಸ್ಕ್ ಇಲ್ಲದೆ ಉಜ್ಜುವ ಕೆಲಸಕ್ಕೆ ಕೈಹಾಕಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಬೇಕು, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿಡಬೇಕು.

ಕಲಿತದ್ದು ಕೂಟದ ಹೊರಕ್ಕೂ ಹರಿಯುತ್ತದೆ. ಅಮೆರಿಕದಲ್ಲಿ ಬೀಡ್ಸ್ ಆಫ್ ಕರೇಜ್ ಎಂಬ ಸಂಸ್ಥೆ ಕ್ಯಾನ್ಸರಿನಂಥ ಗಂಭೀರ ಕಾಯಿಲೆಯ ಮಕ್ಕಳಿಗೆ ಒಂದೊಂದು ಚಿಕಿತ್ಸೆ ಮುಗಿದಾಗಲೂ ಒಂದು ಮಣಿ ಕೊಡುತ್ತದೆ. ಆ ಮಣಿಗಳನ್ನಿಡಲು ಮುಚ್ಚಳವಿರುವ ಕರಡಿಗೆಗಳನ್ನು ಕಡೆದು ಕೊಡುವವರು ಈ ಕೂಟಗಳವರು. ಮಗುವಿನ ಕೈಗೆ ಹೋಗುವ ವಸ್ತುವೆಂದಾಗ ಮುಚ್ಚಳ ಬಿಗಿಯೂ ಆಗದೆ ಸಡಿಲವೂ ಆಗದೆ ಕೂರುವವರೆಗೆ ಯಾರೂ ಬಿಡುವುದಿಲ್ಲ. ಮುಚ್ಚಳ ಕೂರಿಸುವ ಕಷ್ಟದ ಪಾಠವನ್ನು ಅನೇಕರು ಕಲಿಯುವುದು ಹೀಗೆಯೇ.

ಕರ್ನಾಟಕಕ್ಕೆ ಕಡೆಯುವ ಕಲೆ ಹೊಸದೇನಲ್ಲ. ಬೇಲೂರು ಹಳೇಬೀಡುಗಳ ದೇಗುಲಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನೇ ಕಡೆದು ನಿಲ್ಲಿಸಿದ್ದಾರೆ. ಚನ್ನಪಟ್ಟಣದಲ್ಲಿ ಇಂದಿಗೂ ಆಲೆ ಮರವನ್ನು ಲೇತ್‌ನಲ್ಲಿ ಕಡೆದು, ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಆದರೆ ಆ ವಿದ್ಯೆ ಬಹುಪಾಲು ಮನೆತನದೊಳಗೆ, ಕಾರ್ಯಾಗಾರದೊಳಗೆ ಉಳಿದಿದೆ. ಹವ್ಯಾಸಿಗಳು ಮತ್ತು ಕುಲಕಸುಬಿನವರು ಒಂದೇ ಲೇತ್ ಸುತ್ತ ಕೂತರೆ ಇಬ್ಬರಿಗೂ ಲಾಭ. ಹವ್ಯಾಸಿಗೆ ನೂರಾರು ಗೊಂಬೆ ಕಡೆದ ಕೈಯನ್ನು ಹತ್ತಿರದಿಂದ ಕಾಣುವ ಅವಕಾಶ, ಕಸುಬಿನವರಿಗೆ ಗೌರವದ ಸಂಭಾವನೆ ಮತ್ತು ಹೊಸ ಗಿರಾಕಿ. ಪ್ರಾತ್ಯಕ್ಷಿಕೆಗೆ ಕರೆದಾಗ ದಿನದ ಕೂಲಿಯ ಲೆಕ್ಕ ಹಾಕದೆ ಗುರುವಿಗೆ ಕೊಡುವಷ್ಟು ಕೊಡಬೇಕು.

ಶುರು ಮಾಡಲು ಹೆಚ್ಚೇನೂ ಬೇಡ. ಆಸಕ್ತಿಯುಳ್ಳ ಎಂಟು ಹತ್ತು ಜನ, ಮೂರು ಕಡೆ ಗಾಳಿಯಾಡುವ ಶೆಡ್ಡು, ತಿಂಗಳಿಗೊಂದು ಗೊತ್ತಾದ ಭಾನುವಾರ. ಬೆಂಗಳೂರಿನವರಿಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರದ ಗುರುತು, ಒಣಗಿಸುವಿಕೆಯ ಪ್ರಶ್ನೆಗಳನ್ನು ಅಲ್ಲಿ ಕೇಳಬಹುದು. ಹಲಸು, ಮಾವು, ಮಳೆಮರ ಬಟ್ಟಲಿಗೆ ಚೆನ್ನ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಇಂಥ ಮರಗಳು ಬೀಳುತ್ತಲೂ ಇರುತ್ತವೆ. ಬೀದಿಯಲ್ಲಿ ಬಿದ್ದದ್ದಾದರೂ ಅದು ಸಾರ್ವಜನಿಕ ಸ್ವತ್ತು, ನಗರಪಾಲಿಕೆಯನ್ನೋ ಅರಣ್ಯ ಇಲಾಖೆಯನ್ನೋ ಕೇಳದೆ ಮುಟ್ಟಬಾರದು. ಗಂಧ, ಬೀಟೆ, ತೇಗಗಳ ವಿಷಯದಲ್ಲಂತೂ ಕಾಗದಪತ್ರ ಕೈಯಲ್ಲಿರಲೇಬೇಕು. ಚಂದಾ ಹಣ ಕೂಡಿದಾಗ ಮೊದಲು ಲೇತ್ ಕೊಳ್ಳಬೇಡಿ, ಅದು ಯಾರಾದರೂ ಸದಸ್ಯರ ಮನೆಯಿಂದ ಬಂದೀತು. ಒಂದು ಒಳ್ಳೆಯ ಸಾಣೆಯಂತ್ರ, ಅದಕ್ಕೊಂದು ಜಿಗ್, ನಾಲ್ಕು ಮುಖಕವಚ ಕೊಂಡು, ಮೊದಲ ಸಭೆಯನ್ನು ಸಾಣೆಯಿಂದಲೇ ಶುರು ಮಾಡಿ.