ಕೆಲಸ ಬೇಡ ಸಾರ್, ಸಿನಿಮಾ ಬೇಕು!

ಉಡುಪಿ ಕಡೆಯ ಅಪ್ಪ-ಅಮ್ಮಂದಿರಿಗೆ ಒಂದು ಕಾಲದಲ್ಲಿ ಮಗ ಬ್ಯಾಂಕ್ ಸೇರಿದ ಅಂದ್ರೆ ಜನ್ಮ ಸಾರ್ಥಕ. ತಪ್ಪೇನಿಲ್ಲ ಬಿಡಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಇದೇ ಊರಲ್ಲಿ. 2020ರಲ್ಲಿ ಎರಡೂ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. 'ಕೈಗೆ ಬಂದ ಕೆಲಸ ಬಿಡಬೇಡ ಮಾರಾಯ' ಅನ್ನೋ ಮಾತು ಮಾತ್ರ ಇನ್ನೂ ಎಲ್ಲೂ ಲೀನವಾಗಿಲ್ಲ!

ಅಂಥ ನೆಲದಲ್ಲಿ ಓದಿ, ಕೆಲಸಕ್ಕೆ ಕೈಮುಗಿದು ಸಿನಿಮಾಕ್ಕೆ ನಡೆದವರೂ ಇದ್ದಾರೆ. ಗಿರೀಶ್ ಕಾಸರವಳ್ಳಿಯವರನ್ನೇ ತಗೊಳ್ಳಿ. ತೀರ್ಥಹಳ್ಳಿ ಕಡೆಯ ಹುಡುಗ. ಮಣಿಪಾಲದಲ್ಲಿ ಬಿ.ಫಾರ್ಮ ಮುಗಿಸಿ ತರಬೇತಿಗೆ ಹೈದರಾಬಾದಿಗೂ ಹೋದರು. ಔಷಧಿಯ ದಾರಿ ಕಣ್ಣೆದುರಿಗೇ ಇತ್ತು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರಲ್ಲಿ 'ಘಟಶ್ರಾದ್ಧ', ಅದಕ್ಕೆ ಸ್ವರ್ಣಕಮಲ! 1986ರಲ್ಲಿ 'ತಬರನ ಕಥೆ', ಮತ್ತೆ ಸ್ವರ್ಣಕಮಲ! ತಮಾಷೆ ನೋಡಿ, ನೌಕರಿಯ ದಾರಿ ಬಿಟ್ಟವರು ತೆಗೆದದ್ದು, ಜೀವಮಾನವಿಡೀ ನೌಕರಿ ಮಾಡಿ ಪಿಂಚಣಿಗೆ ಅಲೆಯುವವನ ಕಥೆ.

ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿಯೂ ಹಾಗೇ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮಾಡಿ, ಸಾಫ್ಟ್‌ವೇರ್ ಕೆಲಸ ಹಿಡಿದು, ಅದನ್ನು ಬಿಟ್ಟು ಬಂದವರು. 2014ರ 'ಉಳಿದವರು ಕಂಡಂತೆ' ನಿಮಗೆ ಗೊತ್ತೇ ಇದೆ.

ಈ ಎರಡು ಹೆಸರು ಹೇಳಿಕೊಂಡು ಎದೆಯುಬ್ಬಿಸೋ ಹುಡುಗರು ನನಗೆ ಬೇಕಾದಷ್ಟು ಸಿಗ್ತಾರೆ. ಆದರೆ ಕರೆದು ಕೆಲಸ ಕೊಟ್ಟವರಿಗೆ 'ಬೇಡ' ಅಂತ ಹೇಳೋದು ಹೇಗೆ? ಅಲ್ಲಿ ಎಲ್ಲರ ಬಾಯಿಗೂ ಬೀಗ!

ಮೊನ್ನೆ ಕಾಪು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನ ಕತೆ ಕೇಳಿ. ಬೆಂಗಳೂರಿನ ಕಂಪನಿಯೊಂದರ ಆಫರ್ ಬಂದಿದೆ. ಇತ್ತ ಒಬ್ಬ ನಿರ್ದೇಶಕರು ಸಹಾಯಕನಾಗಿ ಬಾ ಅಂದಿದ್ದಾರೆ. ಊಟ, ರೂಮು ಉಂಟು, ಆರು ತಿಂಗಳು ಸಂಬಳ ಇಲ್ಲ.

"ಕಂಪನಿಗೆ ಎಂತ ಹೇಳಿದಿ?" ಅಂದೆ.

"ಎಂತದೂ ಇಲ್ಲಣ್ಣ. ಫೋನ್ ಎತ್ತುದಿಲ್ಲ. ಅವರಿಗೇ ಗೊತ್ತಾಗ್ತದೆ."

"ವೆಯ್ಟಿಂಗ್ ಲಿಸ್ಟಲ್ಲಿ ಯಾರಾದ್ರೂ ಇದ್ದಾರಾ?"

"ಕಾರ್ಕಳದ ನನ್ನ ಕ್ಲಾಸ್‌ಮೇಟೇ ಇದ್ದಾನೆ."

ನೋಡಿ ಸ್ವಾಮಿ! ಇವನು ಬಾಯಿ ಬಿಡದಿದ್ದರೆ ಅಲ್ಲಿ ಸ್ನೇಹಿತನ ಅನ್ನಕ್ಕೆ ತಡೆ. ಸುಳ್ಳು ಕಾಯಿಲೆ, ಅಜ್ಜಿಯ ಸಾವು, ಇವೆಲ್ಲಾ ಇನ್ನೂ ಕೆಟ್ಟದ್ದು. ನಾಳೆ ಪೋಸ್ಟರಿನಲ್ಲಿ ಹೆಸರು ಬಂದಾಗ ಅಜ್ಜಿ ಎದ್ದು ಬರ್ತಾಳೆ! ಸಂಬಳ ಸಾಲದು ಅಂತಲೂ ಬರೀಬಾರದು. ಅವರು ಸಂಬಳ ಏರಿಸಿದರೆ ಆಮೇಲೆ ಯಾವ ಮುಖ ಇಟ್ಕೊಂಡು ಒಲ್ಲೆ ಅನ್ನೋದು? ಮತ್ತೆ, ಕೈಯಲ್ಲಿ ಇನ್ನೊಂದು ಕಡೆಯ ಖಾತ್ರಿ ಇಲ್ಲದೆ ಬರೀ ಕನ್ನಡಿ ನೋಡ್ಕೊಂಡು ಕೆಲಸ ಬಿಡೋ ಹೀರೋಗಳಿಗೆ ನನ್ನ ಬೆಂಬಲ ಇಲ್ಲ, ಈಗ್ಲೇ ಹೇಳಿಬಿಡ್ತೀನಿ.

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂರಿಸಿ ಅವನ ಮೊಬೈಲಿನಲ್ಲೇ ಬರೆಸಿದೆ:

'ಮಾನ್ಯರೇ, ನನ್ನನ್ನು ಆರಿಸಿದ್ದಕ್ಕೆ ಕೃತಜ್ಞ. ಬೇರೊಂದು ಕ್ಷೇತ್ರದಲ್ಲಿ ಕೆಲಸ ಒಪ್ಪಿಕೊಂಡಿರುವುದರಿಂದ ಈ ಹುದ್ದೆಗೆ ಸೇರಲಾರೆ. ನಿಮಗೆ ತಡವಾಗಬಾರದೆಂದು ಈಗಲೇ ತಿಳಿಸುತ್ತಿದ್ದೇನೆ. ಸಂದರ್ಶನದಲ್ಲಿ ತಾವು ಕೊಟ್ಟ ಸಮಯಕ್ಕೆ ವಂದನೆಗಳು.'

ಅಷ್ಟೇ. 'ಸೇರಲಾರೆ' ಅನ್ನೋ ಮಾತು ಸ್ಪಷ್ಟ ಇರಬೇಕು. 'ಸದ್ಯಕ್ಕೆ ಕಷ್ಟ' ಅಂತ ಎಳೆದರೆ ಅವರು ಕಾಯ್ತಾ ಕೂರ್ತಾರೆ.

ಹುಡುಗ ಎರಡು ಸಲ ಓದಿ, ಕಣ್ಣುಮುಚ್ಚಿ ಕಳಿಸಿಯೇ ಬಿಟ್ಟ. ಅರ್ಧ ಗಂಟೆಯಲ್ಲಿ ಉತ್ತರ: 'ಬೇಗ ತಿಳಿಸಿದ್ದಕ್ಕೆ ಧನ್ಯವಾದ. ಮುಂದೆ ಬೇಕಾದರೆ ಸಂಪರ್ಕಿಸಿ.'

"ಮನೆಯಲ್ಲಿ ಅಪ್ಪನಿಗೆ ಹೇಳಿದ್ದೀಯಾ?" ಅಂತ ಕೇಳಿದೆ.

ಉಡುಪಿಯ ಬಸ್ಸು ಬಂತು. ಫುಟ್‌ಬೋರ್ಡ್ ಹತ್ತುತ್ತಾ ಅಂದ:

"ಅದಕ್ಕೂ ಒಂದು ಬರೆಸಿ ಕೊಡಿ ಅಣ್ಣ!"